ತೆರಕಣಾಂಬಿ ಕೆರೆಯ ಮೊಣಕಾಲುದ್ದದ ನೀರು

ಗುಂಡ್ಲುಪೇಟೆಯಿಂದ ಚಾಮರಾಜನಗರದ ಬಸ್ಸು ಹತ್ತಿ ಕೂತರೆ ಹತ್ತು-ಹನ್ನೆರಡು ಕಿಲೋಮೀಟರಿಗೆ ತೆರಕಣಾಂಬಿ ಬರುತ್ತದೆ. ಹಳೆಯ ಊರು, ಹಳೆಯ ದೇವಸ್ಥಾನಗಳು. ಹತ್ತಿರದಲ್ಲೇ ಹುಲುಗನಮುರಡಿ ವೆಂಕಟರಮಣಸ್ವಾಮಿ ಬೆಟ್ಟ. ಊರಿಗೊಂದು ಕೆರೆ. ನಮ್ಮ ಸೀಮೆ ನೋಡಲು ಬರುವವರು ಸಾಮಾನ್ಯವಾಗಿ ಇಲ್ಲಿ ಇಳಿಯುವುದಿಲ್ಲ. ಅವರು ಬಂಡೀಪುರಕ್ಕೆ ಹೋಗುತ್ತಾರೆ, ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುತ್ತಾರೆ, ಆ ಕಡೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುತ್ತಾರೆ. ಊಟಿಗೆ ಹೊರಟವರು ದಾರಿಯಲ್ಲಿ ಕಾರು ನಿಲ್ಲಿಸಿ ಚೆಂಡುಹೂವಿನ ಹೊಲದಲ್ಲಿ ಫೋಟೊ ಹಿಡಿಸಿಕೊಳ್ಳುತ್ತಾರೆ. ಕೆರೆಗೆ ಟಿಕೆಟ್ಟಿಲ್ಲ, ಸಫಾರಿ ಜೀಪಿಲ್ಲ, ಹುಲಿಯೂ ಇಲ್ಲ. ಹಾಗಾಗಿ ಬೆಳಗಿನ ಹೊತ್ತು ಅದು ಪೂರ್ತಿ ನಮ್ಮದೇ.

ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ಹದಿನಾಲ್ಕು ವರ್ಷವಾಯಿತು. ಅಂದಿನಿಂದ ಮಳೆ-ಜ್ವರ ಬಿಟ್ಟು ಹೆಚ್ಚುಕಡಿಮೆ ಪ್ರತಿ ಭಾನುವಾರ ಬೆಳಿಗ್ಗೆ ನಾನು ಈ ಕೆರೆಯ ದಡದಲ್ಲಿ ಇರುತ್ತೇನೆ. ಒಂದೇ ಜಾಗವನ್ನು ಇಷ್ಟು ಸಲ ನೋಡಿ ಬೇಜಾರಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೆರೆ ಒಂದೇ ನಿಜ. ಆದರೆ ಎರಡು ಭಾನುವಾರ ಅದು ಒಂದೇ ಥರ ಇದ್ದದ್ದನ್ನು ನಾನು ಕಂಡಿಲ್ಲ. ಅದರಲ್ಲೂ ಆಶ್ವಯುಜ-ಕಾರ್ತಿಕದಲ್ಲಿ, ಅಂದರೆ ಅಕ್ಟೋಬರ್ ತಿಂಗಳ ಆಸುಪಾಸಿನಲ್ಲಿ, ವಾರಕ್ಕೊಮ್ಮೆ ಹೊಸ ಮುಖ.

ಇದಕ್ಕೆ ಕಾರಣ ನಮ್ಮ ಕಡೆಯ ಮಳೆ. ಕರ್ನಾಟಕದ ಬಹುಪಾಲು ಊರುಗಳಿಗೆ ಜೂನ್-ಜುಲೈ ದೊಡ್ಡ ಮಳೆಗಾಲ. ಚಾಮರಾಜನಗರ ಜಿಲ್ಲೆಗೆ ಹಾಗಲ್ಲ. ಪಶ್ಚಿಮದ ಮೋಡಗಳು ವಯನಾಡು, ನೀಲಗಿರಿಯ ಮೇಲೆ ಬಹುಪಾಲು ಸುರಿದು ನಮಗೆ ಬರೀ ಗಾಳಿ, ತುಂತುರು ಕಳಿಸುತ್ತವೆ. ಇಲ್ಲಿ ಜೋರು ಮಳೆ ಬರುವುದು ಎರಡು ಹೊತ್ತಿನಲ್ಲಿ: ಒಂದು ಮೇ ತಿಂಗಳ ಗುಡುಗು ಮಳೆ, ಇನ್ನೊಂದು ದಸರೆಯ ಹಿಂದು-ಮುಂದಿನ ಹಸ್ತ, ಚಿತ್ತೆ, ಸ್ವಾತಿ ಮಳೆ. ಕೆರೆ ತುಂಬಬೇಕಾದರೆ ಈ ಎರಡನೆಯದೇ ಬರಬೇಕು. ನಮ್ಮ ಕೆರೆಗಳಿಗೆ ನೀರು ಬರುವ ಹೊತ್ತಿಗೇ ಉತ್ತರದ ದೇಶಗಳಲ್ಲಿ ಚಳಿ ಶುರುವಾಗಿ, ಅಲ್ಲಿನ ಹಕ್ಕಿಗಳು ಗಂಟುಮೂಟೆ ಕಟ್ಟಿ ದಕ್ಷಿಣಕ್ಕೆ ಹೊರಡುತ್ತವೆ. ಅವು ಬರುವುದೂ ಕೆರೆಗೆ ನೀರು ಬರುವುದೂ ಹೀಗೆ ಜೊತೆಯಾಗುತ್ತದೆ.

ಹೋದ ವರ್ಷ ದಸರೆ ಮುಗಿದ ಮೇಲಿನ ಒಂದು ಭಾನುವಾರ ಮೊಮ್ಮಗಳೂ ಜೊತೆಗೆ ಬಂದಿದ್ದಳು. ಮೈಸೂರಿನಲ್ಲಿ ನಾಲ್ಕನೇ ಕ್ಲಾಸು. ಆರೂಕಾಲಿಗೆಲ್ಲ ನಾವು ಏರಿಯ ಮೇಲಿದ್ದೆವು. ಹಿಂದಿನ ರಾತ್ರಿ ಮಳೆ ಬಿದ್ದು ಆಕಾಶ ತೊಳೆದಿಟ್ಟಂತಿತ್ತು. ದಕ್ಷಿಣಕ್ಕೆ ನೀಲಗಿರಿಯ ಸಾಲು ಸ್ಪಷ್ಟವಾಗಿ ಕಾಣುತ್ತಿತ್ತು. ಗೋಪಾಲಸ್ವಾಮಿ ಬೆಟ್ಟ 1454 ಮೀಟರ್ ಎತ್ತರ, ಅದರ ನೆತ್ತಿಯ ಮೇಲೆ ಮಾತ್ರ ಒಂದು ತುಂಡು ಮೋಡ. ನೀರಿನ ಮೇಲೆ ತೆಳುವಾಗಿ ಹಬೆ ಏಳುತ್ತಿತ್ತು.

ಮೊದಲು ಕಿವಿಗೆ ಬಿದ್ದದ್ದು ಟಿಟ್ಟಿಭ. ಕೆರೆಗೆ ಯಾರೇ ಬರಲಿ, ಮೊದಲು ಕೂಗಿ ಸಾರುವುದು ಅದೇ. ಆಮೇಲೆ ನೀರಿನ ನಡುವಿನಿಂದ ಕುದುರೆ ಕೆನೆದಂತೆ ಒಂದು ಸಣ್ಣ ಕುಲುಕುಲು ಸದ್ದು. ಅದು ಗುಳುಮುಳುಕ. ಮುಷ್ಟಿಗಿಂತ ಸ್ವಲ್ಪ ದೊಡ್ಡ ಹಕ್ಕಿ. ನೋಡುತ್ತಿದ್ದಂತೆಯೇ ಗುಳುಂ ಎಂದು ಮುಳುಗಿ ಇನ್ನೆಲ್ಲೋ ಏಳುತ್ತದೆ. ಮೊಮ್ಮಗಳು ಅದು ಎಲ್ಲಿ ಏಳುತ್ತದೆಂದು ಬೆರಳು ತೋರಿಸಿ ಹೇಳುವ ಆಟ ಶುರು ಮಾಡಿದಳು. ಹತ್ತು ಸಲದಲ್ಲಿ ಒಂದು ಸಲ ಗೆದ್ದಳು.

ಏರಿಯ ಮೇಲೆ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. ಹೊಸದಾಗಿ ಹಕ್ಕಿ ನೋಡಲು ಬರುವವರು ಏರಿಯ ಮೇಲೇ ನಿಂತು, ಹಕ್ಕಿಗಳೆಲ್ಲ ಬಲು ದೂರ ಎಂದು ವಾಪಸ್ಸು ಹೋಗುತ್ತಾರೆ. ಏರಿಯ ಬುಡದಲ್ಲಿ ಕೆರೆ ಆಳ. ಅದರ ಎದುರು ಬದಿ, ಹಳ್ಳದ ನೀರು ಬಂದು ಸೇರುವ ಕಡೆ, ನೆಲ ನಿಧಾನವಾಗಿ ಇಳಿಜಾರಾಗಿರುತ್ತದೆ. ಅದನ್ನು ಕೆರೆಯ ಅಂಗಳ ಎನ್ನುತ್ತೇವೆ. ಹಕ್ಕಿಗಳ ಸಂತೆ ಇರುವುದು ಅಲ್ಲಿ. ಸುತ್ತಿಕೊಂಡು ಹೋಗಿ, ಒಂದು ಹೊಂಗೆ ಮರದ ನೆರಳಿನಲ್ಲಿ ಟವೆಲ್ ಹಾಸಿ ಕೂತೆವು. ಸೂರ್ಯ ಬೆನ್ನ ಹಿಂದೆ ಇರುವಂತೆ ಕೂರಬೇಕು. ಎದುರಿಗಿದ್ದರೆ ಎಲ್ಲ ಹಕ್ಕಿಗಳೂ ಕಪ್ಪಾಗಿಯೇ ಕಾಣುತ್ತವೆ.

ಸುಮ್ಮನೆ ಕೂತು ಹತ್ತು ನಿಮಿಷ ಕಳೆದ ಮೇಲೆ ಕೆರೆ ನಮ್ಮನ್ನು ಮರೆಯುತ್ತದೆ. ಆಗ ಯಾರು ಎಲ್ಲಿ ನಿಂತಿದ್ದಾರೆ ಎಂಬುದು ಗೊತ್ತಾಗುತ್ತದೆ. ಬ್ಯಾಂಕಿನಲ್ಲಿ ಹಣ ಕಟ್ಟುವ ಕೌಂಟರ್ ಬೇರೆ, ಡ್ರಾಫ್ಟ್ ತೆಗೆಸುವ ಕೌಂಟರ್ ಬೇರೆ, ಪಾಸ್‌ಬುಕ್ ಬರೆಸುವ ಕೌಂಟರ್ ಬೇರೆ ಇದ್ದ ಹಾಗೆ ಕೆರೆಯಲ್ಲೂ ಒಬ್ಬೊಬ್ಬರದು ಒಂದೊಂದು ಜಾಗ. ನಡುವಿನ ಆಳದಲ್ಲಿ ನೀರುಕಾಗೆ, ಗುಳುಮುಳುಕ, ಹಣೆಗೆ ಬಿಳಿ ನಾಮ ಇಟ್ಟ ನಾಮದ ಕೋಳಿ. ಕತ್ತು ಮಾತ್ರ ಹೊರಗಿಟ್ಟು ಹಾವಿನಂತೆ ಈಜುವ ಹಾವಕ್ಕಿಯೂ ಅಲ್ಲೇ. ಮೊಣಕಾಲುದ್ದದ ನೀರಿನಲ್ಲಿ ಬೂದು ಬಕ, ಬಣ್ಣದ ಕೊಕ್ಕರೆ. ಕಣಕಾಲು ಮುಳುಗುವಷ್ಟರಲ್ಲಿ ಬೆಳ್ಳಕ್ಕಿ, ಬಿಳಿ ಕೆಂಬರಲು. ನೀರು ಮುಗಿದು ಕೆಸರು ಶುರುವಾಗುವ ಕಡೆ ಗದ್ದೆ ಗೊರವ. ಅದಕ್ಕೂ ಈಚೆ, ಒದ್ದೆ ಹುಲ್ಲಿನಲ್ಲಿ, ಎಮ್ಮೆಗಳ ಕಾಲ ಸಂದಿಯಲ್ಲಿ ಗೋವಕ್ಕಿ. ಮೇಲಿನ ತಂತಿಯ ಮೇಲೆ ಕಳ್ಳಿಪೀರ, ಕಾಜಾಣ, ಮಿಂಚುಳ್ಳಿ.

"ಕಾಲು ಉದ್ದ ಇರೋರು ಮುಂದೆ, ಗಿಡ್ಡ ಇರೋರು ಹಿಂದೆ. ನಮ್ಮ ಸ್ಕೂಲಿನ ಪ್ರೇಯರ್‌ಗೆ ಉಲ್ಟಾ," ಎಂದಳು ಮೊಮ್ಮಗಳು.

ಸರಿಯಾಗಿಯೇ ಹೇಳಿದಳು. ಕಾಲಿನ ಉದ್ದ, ಕೊಕ್ಕಿನ ಆಕಾರ ಎರಡನ್ನೂ ನೋಡಿದರೆ ಆ ಹಕ್ಕಿ ಎಷ್ಟು ಆಳದಲ್ಲಿ ಏನು ತಿನ್ನುತ್ತದೆ ಎಂದು ಅರ್ಧ ಊಹಿಸಬಹುದು. ಬಣ್ಣದ ಕೊಕ್ಕರೆ ಕೊಕ್ಕನ್ನು ಅರೆ ತೆರೆದು ನೀರಿನಲ್ಲಿ ಅಡ್ಡಡ್ಡ ಆಡಿಸುತ್ತದೆ, ಮೀನು ತಾಗಿದೊಡನೆ ಮುಚ್ಚುತ್ತದೆ. ಅದಕ್ಕೆ ಕಣ್ಣಿಗಿಂತ ಕೊಕ್ಕಿನ ಸ್ಪರ್ಶವೇ ಮುಖ್ಯ. ಬಕ ಹಾಗಲ್ಲ, ಕಣ್ಣಿಟ್ಟು ಕಾದು ಒಂದೇ ಏಟಿಗೆ ಹಿಡಿಯುತ್ತದೆ. ಕಪ್ಪು-ಬಿಳಿ ಮಿಂಚುಳ್ಳಿ ಗಾಳಿಯಲ್ಲೇ ಒಂದು ಕಡೆ ರೆಕ್ಕೆ ಬಡಿಯುತ್ತ ನಿಂತು, ಗುರಿ ನೋಡಿ ತಲೆಕೆಳಗಾಗಿ ಬೀಳುತ್ತದೆ. ಒಂದೇ ಕೆರೆಯಲ್ಲಿ ಇಷ್ಟು ಜನ ಜಗಳವಿಲ್ಲದೆ ಊಟ ಮಾಡುವುದು ಈ ಹಂಚಿಕೆಯಿಂದ.

ಅಷ್ಟರಲ್ಲಿ ನಾನು ಕಾಯುತ್ತಿದ್ದ ಅತಿಥಿ ಬಂತು. ಕೆಸರಿನ ಅಂಚಿನಲ್ಲಿ ಬಾಲ ಮೇಲೆ ಕೆಳಗೆ ಆಡಿಸುತ್ತ ಪುಟುಪುಟು ಓಡುವ ತೆಳ್ಳನೆಯ ಹಕ್ಕಿ, ಬೆನ್ನು ಬೂದಿ, ಹೊಟ್ಟೆ ಹಳದಿ. ಪುಸ್ತಕದಲ್ಲಿ ಅದರ ಹೆಸರು ಬೂದು ಸಿಪಿಲೆ. ಹಳ್ಳಿಯ ಕಡೆ ಈ ಜಾತಿಗೆ ಕುಂಡೆಕುಸ್ಕ ಎನ್ನುತ್ತಾರೆ. ಹೆಸರು ಕೇಳಿ ಮೊಮ್ಮಗಳು ಐದು ನಿಮಿಷ ನಕ್ಕಳು. ನಕ್ಕು ಮುಗಿದ ಮೇಲೆ, "ತಾತ, ಇದು ಎಲ್ಲಿಂದ ಬಂತು?" ಎಂದಳು.

ಹಿಮಾಲಯದ ತೊರೆಗಳ ಪಕ್ಕ, ಅದರಾಚೆ ಉತ್ತರ ಏಷ್ಯಾದಲ್ಲಿ ಈ ಹಕ್ಕಿ ಮರಿ ಮಾಡುತ್ತದೆ. ಬೇಸಿಗೆ ಮುಗಿಯುತ್ತಿದ್ದಂತೆ ಅಲ್ಲಿಂದ ಹೊರಟು ಆಗಸ್ಟ್-ಸೆಪ್ಟೆಂಬರಿನಿಂದಲೇ ದಕ್ಷಿಣ ಭಾರತಕ್ಕೆ ಇಳಿಯತೊಡಗುತ್ತದೆ. ತೂಕ ಎಷ್ಟಿರಬಹುದು? ಜೇಬಿನಿಂದ ಹತ್ತು ರೂಪಾಯಿಯ ನಾಣ್ಯ ತೆಗೆದು ಅವಳ ಅಂಗೈ ಮೇಲೆ ಇಟ್ಟೆ. ಅಂಥ ಒಂದು ನಾಣ್ಯ ಎಂಟು ಗ್ರಾಂಗೂ ಕಮ್ಮಿ. ಎರಡು ಇಟ್ಟೆ, ಮೂರನೆಯದನ್ನೂ ಇಟ್ಟೆ. ಸಿಪಿಲೆಯ ತೂಕ ಎರಡು ನಾಣ್ಯಕ್ಕೂ ಮೂರು ನಾಣ್ಯಕ್ಕೂ ನಡುವೆ. ಅಷ್ಟೇ ಭಾರದ ಜೀವ ನಕ್ಷೆಯಿಲ್ಲದೆ, ಜೊತೆಗೆ ಬುತ್ತಿಯಿಲ್ಲದೆ ಅಷ್ಟು ದೂರ ಹಾರಿ ಬಂದು ತೆರಕಣಾಂಬಿ ಕೆರೆಯ ಕೆಸರಿನಲ್ಲಿ ಹುಳ ಹೆಕ್ಕುತ್ತಿದೆ. ಅವಳು ನಾಣ್ಯಗಳನ್ನು ವಾಪಸ್ಸು ಕೊಡದೆ ಮುಷ್ಟಿಯಲ್ಲೇ ಹಿಡಿದುಕೊಂಡು ಬಹಳ ಹೊತ್ತು ಆ ಹಕ್ಕಿಯನ್ನು ನೋಡಿದಳು.

ಅವು ಬರುವುದು ಚಳಿಗೆ ಹೆದರಿ ಎನ್ನುವುದು ಅರ್ಧ ಸತ್ಯ. ಪುಕ್ಕದ ಹೊದಿಕೆ ಇರುವ ಹಕ್ಕಿಗೆ ಚಳಿಗಿಂತ ಹಸಿವಿನ ಕಾಟ ದೊಡ್ಡದು. ಉತ್ತರದಲ್ಲಿ ನೀರು ಹೆಪ್ಪುಗಟ್ಟಿದರೆ, ಹುಳಹುಪ್ಪಟೆ ಮಾಯವಾದರೆ, ತಿನ್ನುವುದೇನು? ಹಾಗಾಗಿ ಊಟ ಇರುವ ಕಡೆಗೆ ಹೊರಡುತ್ತವೆ. ಆ ದಿನ ನೀರಿನ ಮೇಲೆ ಕವಲುತೋಕೆಗಳು ಕತ್ತರಿಯಾಡಿಸಿದಂತೆ ಹಾರುತ್ತಿದ್ದವು. ಜಾಲಿಯ ತುದಿಯಲ್ಲಿ ಕಂದು ಕಳಿಂಗವೊಂದು ಗರಗರ ಬೈಯುತ್ತ ಕೂತಿತ್ತು. ಅವೂ ಉತ್ತರದವೇ. ವರಟೆ ಬಾತುಗಳು ನಮ್ಮ ಊರಿನವು, ವರ್ಷವಿಡೀ ಇಲ್ಲೇ ಇರುತ್ತವೆ. ಅವುಗಳ ಗುಂಪಿನಲ್ಲಿ ಏಳು ಸಣ್ಣ ಬಾತುಗಳು ಸೇರಿಕೊಂಡಿದ್ದವು. ಒಂದರ ಕಣ್ಣಿನ ಮೇಲೆ ಬಿಳಿಯ ಗೆರೆ ಎದ್ದು ಕಾಣುತ್ತಿತ್ತು. ಬಿಳಿಹುಬ್ಬಿನ ಬಾತು. ಯುರೋಪು, ಉತ್ತರ ಏಷ್ಯಾದಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಭಾರತಕ್ಕೆ ಬರುವ ಬಾತುಗಳಲ್ಲಿ ಇದೇ ಮುಂಚಿತವಾಗಿ ಬರುವಂಥದ್ದು. ಪಟ್ಟೆತಲೆ ಹೆಬ್ಬಾತುಗಳು ಇನ್ನೂ ತಡ. ಅವು ಹಿಮಾಲಯವನ್ನೇ ದಾಟಿ ಬರುತ್ತವೆ. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕೊರಳಿಗೆ ಗುರುತಿನ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳನ್ನು ಕರ್ನಾಟಕದ ಕೆರೆಗಳಲ್ಲಿ ಕಂಡು ಗುರುತಿಸಿದ್ದಾರೆ. ಅವನ್ನು ನೋಡಬೇಕೆಂದರೆ ನಮಗೆ ಹತ್ತಿರ, ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ.

ಎಂಟು ಗಂಟೆ ಹೊತ್ತಿಗೆ ಮೀನು ಹಿಡಿಯುವವನೊಬ್ಬ ಬಲೆ ಹೆಗಲಿಗೆ ಹಾಕಿಕೊಂಡು ನಮ್ಮ ಕಡೆ ಬಂದ. ವರ್ಷಗಳಿಂದ ಮುಖ ಪರಿಚಯ.

"ಏನ್ ಸಾರ್, ಇವತ್ತು ಮೊಮ್ಮಗೀನೂ ಕರ್ಕಂಡ್ ಬಂದ್ಬುಟ್ಟಿದ್ದೀರಿ?"

"ರಜಕ್ಕೆ ಬಂದಿದ್ದಾಳಪ್ಪ. ಈ ಸಲ ಮೀನು ಹೇಗೆ?"

"ಕೆರ ತುಂಬ್ದಾಗ ಮೀನು ಎಲ್ಲಿ ಸಿಕ್ಕಾವು ಸಾರ್? ಎಲ್ಲಾ ಚೆದ್ರೋಗಿರ್ತವ. ನೀರು ಇಳೀಬೇಕು."

"ಹಾಗಾದ್ರೆ ನೀರು ಕಮ್ಮಿ ಆದ್ರೆ ಒಳ್ಳೇದಾ?" ಎಂದು ಮೊಮ್ಮಗಳು ಕೇಳಿದಳು.

"ಕಮ್ಮಿ ಆಗ್ಬಾರ್ದು ಕಣವ್ವ. ಇಳೀಬೇಕು. ಎಲ್ಡೂ ಬ್ಯಾರೆ ಬ್ಯಾರೆ."

ಹದಿನಾಲ್ಕು ವರ್ಷ ನಾನು ಬರೆದಿಟ್ಟದ್ದನ್ನು ಅವನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ.

ನನ್ನ ಬಳಿ ಅಗಲವಾದ ಒಂದು ಲೆಡ್ಜರ್ ಪುಸ್ತಕವಿದೆ. ಬಿ.ಕಾಂ. ಓದಿ ಜೀವನವಿಡೀ ಕೂಡುವುದು-ಕಳೆಯುವುದು ಮಾಡಿದವನಿಗೆ ಅಂಕಣ ಎಳೆಯದೆ ಬರೆಯಲು ಬರುವುದಿಲ್ಲ. ತಾರೀಖು, ಹೊತ್ತು, ತೂಬಿನ ಪಕ್ಕದ ಕಲ್ಲುಮೆಟ್ಟಿಲಿನಲ್ಲಿ ನೀರು ಎಲ್ಲಿವರೆಗೆ ಇದೆ, ಯಾವ ಹಕ್ಕಿ ಎಷ್ಟು. ಒಂದು ದಿನದ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ವರ್ಷಗಳ ಲೆಕ್ಕ ಸೇರಿದ ಮೇಲೆ ಒಂದು ವಿಷಯ ತಾನಾಗಿಯೇ ಎದ್ದು ಕಂಡಿತು. ಕೆರೆ ಕಂಠಮಟ್ಟ ತುಂಬಿದ ವಾರ ಹಕ್ಕಿ ಹೆಚ್ಚಿರುವುದಿಲ್ಲ. ತುಂಬಿದ ಕೆರೆ ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋದ ಹಾಗೆ ಹೆಚ್ಚುತ್ತವೆ. ನೀರು ಹಿಂದೆ ಸರಿದಂತೆಲ್ಲ ಅಂಗಳದಲ್ಲಿ ಹೊಸ ಕೆಸರು ತೆರೆದುಕೊಳ್ಳುತ್ತದೆ. ಅದರಲ್ಲಿ ಹುಳ, ಬಸವನಹುಳು, ಸಿಕ್ಕಿಬಿದ್ದ ಸಣ್ಣ ಮೀನು. ಅಕ್ಟೋಬರಿನಿಂದ ಮಾರ್ಚಿಯವರೆಗೆ ಕೆರೆ ತನ್ನ ಊಟದ ಎಲೆಯನ್ನು ಸ್ವಲ್ಪಸ್ವಲ್ಪವಾಗಿ ಬಿಚ್ಚುತ್ತ ಹೋಗುತ್ತದೆ. ವಲಸೆ ಹಕ್ಕಿಗಳು ಇಲ್ಲಿರುವುದೂ ಸರಿಯಾಗಿ ಅಷ್ಟೇ ತಿಂಗಳು.

ಬತ್ತಿದ ಕೆರೆಯ ಪುಟಗಳೂ ಆ ಪುಸ್ತಕದಲ್ಲಿವೆ. 2016ರಲ್ಲಿ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು. ಆ ಚಳಿಗಾಲದ ಹಾಳೆಗಳಲ್ಲಿ ಹಕ್ಕಿಯ ಅಂಕಣದ ತುಂಬ ಸೊನ್ನೆ. ಕೆರೆ ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿತ್ತು. ರೈತರ ಬೋರ್‌ವೆಲ್‌ಗಳು ಒಂದೊಂದಾಗಿ ನಿಂತವು. ಅರಿಸಿನ, ಸಾಂಬಾರ್ ಈರುಳ್ಳಿ, ಬಾಳೆ ನಂಬಿದವರು ಕೈ ಚೆಲ್ಲಿ ಕೂತರು. 2022ರಲ್ಲಿ ಇದಕ್ಕೆ ತಿರುಗುಮುರುಗು. ಜಿಲ್ಲೆಯಲ್ಲಿ ಧೋ ಎಂದು ಮಳೆ ಸುರಿದು ಎಷ್ಟೋ ಕೆರೆಗಳು ಕೋಡಿ ಬಿದ್ದವು. ಈ ನಡುವೆ ಕಬಿನಿ ನದಿಯಿಂದ ನೀರೆತ್ತಿ ಪೈಪಿನಲ್ಲಿ ತಂದು ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ಹಲವು ಕೆರೆಗಳಿಗೆ ತುಂಬಿಸುವ ಕೆಲಸವೂ ಆಗಿದೆ. ಬರ ಕಂಡವರಿಗೆ ಮಾತ್ರ ಅದರ ಬೆಲೆ ಗೊತ್ತು. ನೀರು ಬಂದ ಕೆರೆಯ ಸುತ್ತ ಬಾವಿ, ಬೋರ್‌ವೆಲ್ ಜೀವ ತಳೆಯುತ್ತವೆ. ನೀರು ಬೇಡ, ಹಕ್ಕಿ ಬೇಕು ಎನ್ನುವ ಮಾತು ನನ್ನದಲ್ಲ. ಹಾಗೆ ಹೇಳಬೇಕಾಗಿಯೂ ಇಲ್ಲ, ನೀರಿದ್ದರೆ ತಾನೇ ಹಕ್ಕಿ?

ನನ್ನ ಕಳವಳ ಕೆರೆಯ ಅಂಚಿನದು. ಹೂಳು ತೆಗೆಯುವ ಹೆಸರಿನಲ್ಲಿ ಜೆಸಿಬಿ ಇಳಿದಾಗ ಕೆಲವು ಕಡೆ ಅಂಗಳವನ್ನು ಬಾವಿಯಂತೆ ನೇರವಾಗಿ ತೋಡುತ್ತಾರೆ. ಗೋಡುಮಣ್ಣು ಹೊಲಕ್ಕೆ ಒಳ್ಳೆಯದು, ಆಳವಾದರೆ ನೀರು ಹೆಚ್ಚು ನಿಲ್ಲುತ್ತದೆ, ಎರಡೂ ಸರಿ. ಆದರೆ ನೇರ ಗೋಡೆಯ ಗುಂಡಿಯಲ್ಲಿ ನೀರು ಹತ್ತು ಅಡಿ ಇಳಿದರೂ ಹೊಸ ಕೆಸರು ಒಂದು ಗೇಣೂ ತೆರೆಯುವುದಿಲ್ಲ. ಗೊರವ ನಿಲ್ಲಲು ಜಾಗವಿಲ್ಲ, ಬಕಕ್ಕೆ ಮೊಣಕಾಲುದ್ದದ ನೀರಿಲ್ಲ. ಹಕ್ಕಿಯ ಮಾತು ಬಿಡಿ. ನೀರು ಕುಡಿಯಲು ಇಳಿದ ದನಗಳು ಮೇಲೆ ಬರಲಾರವು. ರಜೆಯಲ್ಲಿ ಈಜಲು ಹೋದ ಮಕ್ಕಳು ಕೆರೆಯ ಗುಂಡಿಯಲ್ಲಿ ಮುಳುಗಿದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಎರಡು ಹೆಜ್ಜೆ ಇಟ್ಟರೆ ಮೊಣಕಾಲು, ಮೂರನೇ ಹೆಜ್ಜೆಗೆ ಆಳ. ನಿಧಾನವಾಗಿ ಇಳಿಯುವ ಅಂಗಳದಲ್ಲಿ ಈ ಮೋಸವಿರುವುದಿಲ್ಲ.

ಇದನ್ನು ಆ ಮೀನುಗಾರನ ಹತ್ತಿರ ಹೇಳಿದೆ. ಅವನಿಗೆ ಆಳ ಬೇಕು, ಬೇಸಿಗೆಯಲ್ಲೂ ಮೀನು ಉಳಿಯಬೇಕಲ್ಲ. ಆದರೂ ತಲೆಯಾಡಿಸಿದ. "ನಡುಮಧ್ಯ ಆಳ ಮಾಡ್ಲಿ ಸಾರ್, ಬ್ಯಾಡ ಅಂದೋರ್ಯಾರು? ಹುಲ್ಲು ಇರೋ ದಡದಲ್ಲೇ ಕೊರವ ಮೀನು ಮರಿ ಮಾಡದು. ಅದ ಕಿತ್ತಾಕ್ಬುಟ್ರೆ ಮರಿ ಎಲ್ಲಿಂದ ಬಂದವು?"

ನಡುವೆ ಆಳ, ಅಂಚಿಗೆ ಇಳಿಜಾರು. ಹೂಳು ತೆಗೆಯುವಾಗ ಇಷ್ಟು ನೆನಪಿಟ್ಟರೆ ರೈತನಿಗೆ ನೀರು, ಮೀನುಗಾರನಿಗೆ ಮೀನು, ದನಕ್ಕೆ ದಾರಿ, ಮಕ್ಕಳಿಗೆ ಜೀವಭಯವಿಲ್ಲ, ಹಕ್ಕಿಗೆ ಊಟ. ಇದಕ್ಕೆ ಹೆಚ್ಚಿನ ಯಂತ್ರ ಬೇಡ, ಕೆಲಸ ನಡೆಯುವಾಗ ಊರಿನವರು ಒಬ್ಬಿಬ್ಬರು ಹೋಗಿ ನಿಂತು ಹೇಳಬೇಕು. ಮನೆ ಕೆಡವಿದ ಇಟ್ಟಿಗೆ-ಗಾರೆ, ಕೋಳಿ ಅಂಗಡಿಯ ಮೂಟೆ, ಪ್ಲಾಸ್ಟಿಕ್ಕು ಇವೆಲ್ಲ ಬಂದು ಬೀಳುವುದೂ ಅಂಚಿಗೇ. ನಡು ಕೆರೆಗೆ ಯಾರೂ ಹೋಗಿ ಸುರಿಯುವುದಿಲ್ಲ. ಅಂಚು ಯಾರದೂ ಅಲ್ಲ ಎನ್ನುವ ಭಾವನೆಯೇ ಇದಕ್ಕೆಲ್ಲ ಮೂಲ.

ಒಂದು ಸಣ್ಣ ಕೆರೆ ಕೆಟ್ಟರೆ ಏನಾಯಿತು, ರಂಗನತಿಟ್ಟು ಇದೆಯಲ್ಲ ಎನ್ನಬಹುದು. ಇದೆ. ಡಾ. ಸಲೀಂ ಅಲಿ ಅವರ ಸಲಹೆಯ ಮೇಲೆ 1940ರಲ್ಲಿ ಮೈಸೂರು ಮಹಾರಾಜರ ಸರ್ಕಾರ ಅದನ್ನು ಪಕ್ಷಿಧಾಮ ಮಾಡಿತು. ಅದೇ ಸಮಯದಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗಾಗಿ ಅವರು ನಮ್ಮ ಬಿಳಿಗಿರಿರಂಗನ ಬೆಟ್ಟಕ್ಕೂ ಬಂದಿದ್ದರು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಜನರ ಮನೆಯ ಪಕ್ಕದ ಮರಗಳಲ್ಲೇ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಗೂಡು ಕಟ್ಟುತ್ತವೆ. ಆದರೆ ಗೂಡಿನ ಕಾಲ ವರ್ಷದಲ್ಲಿ ಕೆಲವೇ ತಿಂಗಳು. ಉಳಿದ ತಿಂಗಳು ಆ ಹಕ್ಕಿಗಳು ಹೊಟ್ಟೆ ಹೊರೆಯುವುದು ಹೆಸರಿಲ್ಲದ ನೂರಾರು ಹಳ್ಳಿ ಕೆರೆಗಳಲ್ಲಿ. ಪಕ್ಷಿಧಾಮ ಬಾಣಂತಿ ಕೋಣೆಯಾದರೆ ಇವೆಲ್ಲ ಅಡುಗೆಮನೆ. ಅಡುಗೆಮನೆ ಮುಚ್ಚಿ ಬಾಣಂತಿ ಕೋಣೆಯೊಂದನ್ನೇ ಕಾಪಾಡಿದರೆ ಮನೆ ನಡೆಯುತ್ತದೆಯೇ?

2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತು ಒಂದು ದೊಡ್ಡ ವರದಿ ಬಂತು. 942 ಜಾತಿಯ ಹಕ್ಕಿಗಳನ್ನು ಅದರಲ್ಲಿ ಪರಿಶೀಲಿಸಿದ್ದಾರೆ. ದೂರದಿಂದ ವಲಸೆ ಬರುವ ಹಕ್ಕಿಗಳು, ಅದರಲ್ಲೂ ಕೆಸರಿನ ಅಂಚಿನಲ್ಲಿ ಮೇಯುವ ಗೊರವದಂಥವು, ಇಳಿಮುಖವಾಗಿವೆ ಎಂದು ಅದು ಹೇಳುತ್ತದೆ. ನಮ್ಮ ರಾಜ್ಯಪಕ್ಷಿ ನೀಲಕಂಠವೂ ಕಡಿಮೆಯಾಗುತ್ತಿದೆ. ವಿಜಯದಶಮಿಯ ದಿನ ನೀಲಕಂಠ ಕಂಡರೆ ಶುಭ ಎಂದು ನಂಬುವ ಜನ ನಾವು. ಆ ಬೆಳಿಗ್ಗೆ ಹಿಂದಿರುಗುವ ದಾರಿಯಲ್ಲಿ ತಂತಿಯ ಮೇಲೆ ಒಂದೇ ಒಂದು ಕಂಡಿತು. ಹಾರಿದಾಗ ರೆಕ್ಕೆಯ ನೀಲಿ ನೋಡಿ ಮೊಮ್ಮಗಳು ಬಾಯಿ ತೆರೆದು ನಿಂತಳು.

ಆ ವರದಿಯಲ್ಲಿ ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಅದಕ್ಕೆ ಆಧಾರವಾದದ್ದು ದೇಶದ 30 ಸಾವಿರಕ್ಕೂ ಹೆಚ್ಚು ಪಕ್ಷಿವೀಕ್ಷಕರು ಬರೆದುಕೊಟ್ಟ ಸುಮಾರು 3 ಕೋಟಿ ದಾಖಲೆ. ಅವರಲ್ಲಿ ಹೆಚ್ಚಿನವರು ವಿಜ್ಞಾನಿಗಳಲ್ಲ. ಶಾಲೆ ಮಕ್ಕಳು, ಮೇಷ್ಟ್ರುಗಳು, ಗೃಹಿಣಿಯರು, ನನ್ನಂಥ ಪಿಂಚಣಿದಾರರು. ಒಬ್ಬೊಬ್ಬರದು ಒಂದೊಂದು ಸಾಲು. ಸಾಲುಗಳೆಲ್ಲ ಕೂಡಿದಾಗ ದೇಶದ ಹಕ್ಕಿಗಳ ಜಮಾ-ಖರ್ಚು ಕಣ್ಣಿಗೆ ಬಿತ್ತು.

ಹಾಗಾಗಿ ಮಕ್ಕಳೇ, ನಿಮ್ಮ ಊರಿನ ಹತ್ತಿರವೂ ಒಂದು ಕೆರೆಯೋ ಕಟ್ಟೆಯೋ ಇದ್ದೇ ಇರುತ್ತದೆ. ಮನೆಯ ದೊಡ್ಡವರ ಜೊತೆಗೇ ಹೋಗಿ. ಕೆಂಪು, ಬಿಳಿ ಅಂಗಿ ಬೇಡ, ಮಾಸಲು ಬಣ್ಣದ್ದು ಹಾಕಿಕೊಳ್ಳಿ. ದುರ್ಬೀನು ಇದ್ದರೆ ಸರಿ, ಇಲ್ಲದಿದ್ದರೂ ಚಿಂತೆಯಿಲ್ಲ. ನೀರಿಗೆ ಇಳಿಯಬೇಡಿ, ಗೂಡಿನ ಹತ್ತಿರ ಹೋಗಬೇಡಿ, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ಅದು ನಿಜವಾದ ಎದುರಾಳಿ ಎಂದು ತಿಳಿದು ಪಾಪ ಕಂಗಾಲಾಗುತ್ತದೆ. ಹೆಸರು ತಿಳಿಯಲು ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಪುಸ್ತಕ ಹುಡುಕಿ. ಹೆಸರು ಸಿಗದ ಹಕ್ಕಿಯ ಚಿತ್ರ ಬರೆಯಿರಿ. ಕಾಲು ಎಷ್ಟುದ್ದ, ಎಷ್ಟು ನೀರಿನಲ್ಲಿ ನಿಂತಿತ್ತು ಎಂದು ಪಕ್ಕದಲ್ಲಿ ಗುರುತು ಹಾಕಿ. ಅದೇ ಕೆರೆಗೆ ಮುಂದಿನ ವಾರವೂ ಹೋಗಿ. ಅದರ ಮುಂದಿನ ವಾರವೂ ಹೋಗಿ.

ಮೊಮ್ಮಗಳು ಆ ದಿನ ತನ್ನ ನೋಟ್‌ಬುಕ್ಕಿನಲ್ಲಿ 31 ಜಾತಿ ಬರೆದಳು. ಕೊನೆಯಲ್ಲಿ, "ಮೆಟ್ಟಿಲು: ಮೇಲಿನಿಂದ ಎರಡು ಕಾಣುತ್ತೆ" ಎಂದು ಸೇರಿಸಿದಳು. ಸಾಮಾನ್ಯವಾಗಿ ಡಿಸೆಂಬರ್ ಹೊತ್ತಿಗೆ ಐದೋ ಆರೋ ಕಾಣುತ್ತವೆ. ಆಗ ಅಂಗಳದ ಕಡೆ ಅಗಲವಾಗಿ ಕೆಸರು ಬಿಟ್ಟುಕೊಂಡಿರುತ್ತದೆ, ಕೆಂಪು ಕಡ್ಡಿಯಂಥ ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಗಳು ಸಾಲಾಗಿ ಬಂದು ನಿಲ್ಲುತ್ತವೆ. ಗುಂಡ್ಲುಪೇಟೆ ಕಡೆಗೆ ಬಂದವರು ಬಂಡೀಪುರ ನೋಡಿಕೊಂಡೇ ಬನ್ನಿ. ಒಂದು ಬೆಳಿಗ್ಗೆ ಮಾತ್ರ ತೆರಕಣಾಂಬಿಗೆ ಇಟ್ಟುಕೊಳ್ಳಿ. ಕೂರುವುದು ಏರಿಯ ಮೇಲಲ್ಲ, ಅಂಗಳದ ಕಡೆ.